ಕಿವಿ ಮಿಷನ್ನೂ ಮೊಬೈಲೂ: ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಓದು ಕಲಿಯುವ ಮಕ್ಕಳು

ಸಾಗರದ ಉಪವಿಭಾಗ ಆಸ್ಪತ್ರೆ ಎಂದರೆ ಸುತ್ತಲಿನ ಹಳ್ಳಿಗಳವರಿಗೆ ಹೆರಿಗೆ, ಹಾವು ಕಡಿತ, ಬೇಸಿಗೆ ಬಂದರೆ ಮಂಗನ ಕಾಯಿಲೆ. ಅಲ್ಲಿಯೇ ಮಕ್ಕಳ ಕಿವಿ ಪರೀಕ್ಷೆಯೂ ನಡೆಯುತ್ತದೆ ಎಂಬುದು ಅಗತ್ಯ ಬಿದ್ದವರಿಗಷ್ಟೇ ಗೊತ್ತು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿ ತನ್ನ ವಿಸ್ತರಣಾ ಸೇವಾ ಕೇಂದ್ರವನ್ನು ನಡೆಸಿಕೊಂಡು ಬಂದಿದೆ. ಅದಿಲ್ಲದಿದ್ದರೆ ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಮೈಸೂರಿನಲ್ಲಿಳಿದು, ಸಂಸ್ಥೆಯ ಮುಂದೆ ಸರದಿ ನಿಲ್ಲಬೇಕು. ತೋಟ ಬಿಟ್ಟು, ಕೂಲಿ ಬಿಟ್ಟು, ಮನೆಯಲ್ಲಿರುವ ಇನ್ನೊಂದು ಮಗುವನ್ನು ಅಜ್ಜಿಗೆ ಒಪ್ಪಿಸಿ ಹಾಗೆ ಹೋಗಿ ಬಂದ ತಾಯಂದಿರು ಈ ಮೂರು ತಾಲ್ಲೂಕಿನಲ್ಲೂ ಸಿಗುತ್ತಾರೆ.

ಹೆರಿಗೆಯಾದ ಮರುದಿನವೇ ಕೂಸಿನ ಕಿವಿಗೆ ಸಣ್ಣದೊಂದು ಮೊನೆ ಇಟ್ಟು ಮಾಡುವ ಪರೀಕ್ಷೆಗೆ ಒಎಇ ಎನ್ನುತ್ತಾರೆ. ಯಂತ್ರ ಸದ್ದು ಕಳಿಸುತ್ತದೆ. ಒಳಗಿವಿ ಸರಿಯಿದ್ದರೆ ಅದು ತಾನೂ ಬಲು ಕ್ಷೀಣವಾದ ಪ್ರತಿಧ್ವನಿ ಹೊಮ್ಮಿಸುತ್ತದೆ. ಮಗು ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಸಂಶಯ ಉಳಿದರೆ ಮುಂದಿನದು, ಸದ್ದು ಕಿವಿಯ ನರದಿಂದ ಮಿದುಳಿನವರೆಗೆ ತಲುಪುತ್ತಿದೆಯೇ ಎಂದು ನೋಡುವ ಬೇರಾ ಪರೀಕ್ಷೆ. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ: ಜಗತ್ತಿನಾದ್ಯಂತ ತಜ್ಞರು ಒಪ್ಪಿರುವ ಲೆಕ್ಕ ಇದು. ಮಲೆನಾಡಿನಲ್ಲಿ ಈ ಲೆಕ್ಕ ತಪ್ಪುವುದೇ ಹೆಚ್ಚು. ‘ಗಂಡು ಮಕ್ಕಳಿಗೆ ಮಾತು ತಡ’, ‘ಅವರ ಅಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದಿದ್ದು’ ಎನ್ನುತ್ತಾ ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನದಲ್ಲಿ ಕಳೆದುಹೋದ ಎರಡು ವರ್ಷ ಮಗುವಿನ ಪಾಲಿಗೆ ಭಾಷೆಯೇ ಇಲ್ಲದ ಎರಡು ವರ್ಷ. ಮುಂದೆ ಓದಿನಲ್ಲಿ ಕಾಣುವ ತೊಂದರೆಗೆಲ್ಲ ಬೇರು ಅಲ್ಲಿದೆ.

ನಾನು ಮೊಬೈಲು ಹುಡುಕಿಕೊಂಡು ಹೋದವನು. ಕಿವಿ ಮಂದವಿರುವ ಮಕ್ಕಳಿಗೆ ಓದು ಕಲಿಸಲು ಮನೆಗಳಲ್ಲಿ, ಶಾಲೆಗಳಲ್ಲಿ ಫೋನನ್ನು ಹೇಗೆ ಬಳಸುತ್ತಿದ್ದಾರೆ ಎಂದು ನೋಡುವ ಆಸೆ. ಆಸ್ಪತ್ರೆಯ ಬೆಂಚಿನ ಮೇಲೆ ಮೊದಲು ಕಂಡದ್ದು ಫೋನಲ್ಲ, ಒಂದು ಪ್ಲಾಸ್ಟಿಕ್ ಡಬ್ಬಿ. ಶರಾವತಿ ಹಿನ್ನೀರಿನ ಆಚೆಯ ಹಳ್ಳಿಯಿಂದ ಬಂದ ತಾಯಿಯೊಬ್ಬರು ಅದರ ಮುಚ್ಚಳ ತೆಗೆದು, ಸಿಲಿಕಾ ಜೆಲ್ ಕಾಳುಗಳ ನಡುವೆ ಮಲಗಿಸಿದ್ದ ಎರಡು ಶ್ರವಣ ಸಾಧನಗಳನ್ನು ಎತ್ತಿ ಮಗನ ಕಿವಿಗೆ ಹಾಕಿದರು. ಇಲ್ಲಿ ಎಲ್ಲರೂ ಅದನ್ನು ಕರೆಯುವುದು ‘ಕಿವಿ ಮಿಷನ್’ ಎಂದೇ.

‘ಮಳೆಗಾಲ್ದಲ್ಲಿ ನಾಲ್ಕು ದಿನ ನಡೆದ್ರೆ ಎರಡು ದಿನ ಸುಮ್ನಾಗ್ತದೆ ನೋಡಿ. ಸುಮ್ನಾಗಿದ್ದು ನಮಗೆ ಗೊತ್ತೇ ಆಗೂದಿಲ್ಲ’ ಎಂದರು.

ಈ ಮಾತನ್ನು ಬಿಡಿಸಿ ನೋಡಬೇಕು. ಮಿಷನ್ನಿಗೂ ಕಿವಿಯ ಅಚ್ಚಿಗೂ ನಡುವೆ ಒಂದು ತೆಳುವಾದ ಪಾರದರ್ಶಕ ಕೊಳವೆ ಇರುತ್ತದೆ. ಹೊರಗೆ ತಂಪು, ಕಿವಿಯೊಳಗೆ ಬಿಸಿ. ಆಷಾಢದ ಥಂಡಿಗಾಳಿಯಲ್ಲಿ ಆ ಕೊಳವೆಯೊಳಗೆ ನೀರಿನ ಹನಿ ಕಟ್ಟುತ್ತದೆ. ಒಂದೇ ಒಂದು ಹನಿ ಸಾಕು, ಸದ್ದಿನ ದಾರಿ ಮುಚ್ಚಲು. ಬಟಾಣಿ ಗಾತ್ರದ ಬ್ಯಾಟರಿ ಜಿಂಕ್-ಏರ್ ಜಾತಿಯದು. ಅದರ ಮೈಮೇಲಿನ ರಂಧ್ರದಿಂದ ಗಾಳಿ ಎಳೆದುಕೊಂಡೇ ಅದು ವಿದ್ಯುತ್ತು ಕೊಡಬೇಕು, ಆ ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿದರೆ ಅದೂ ಸೊರಗುತ್ತದೆ. ಇತ್ತ ಮಗು ದೂರು ಹೇಳುವುದಿಲ್ಲ. ಕೇಳುತ್ತಿದ್ದದ್ದು ನಿಂತುಹೋಯಿತು ಎಂದು ಹೇಳಲು ಬೇಕಾದ ಮಾತೇ ಅದಕ್ಕಿನ್ನೂ ಬಂದಿಲ್ಲ. ಎದುರಿಗೆ ಟ್ಯಾಬೋ ಫೋನೋ ಇಟ್ಟರೆ ಬಣ್ಣದ ಚಿತ್ರ ನೋಡುತ್ತಾ ಕೂರುತ್ತದೆ. ಮಗು ಕಲಿಯುತ್ತಿದೆ ಎಂದುಕೊಂಡು ಮನೆಯವರೂ ಸುಮ್ಮನಾಗುತ್ತಾರೆ.

ಅದಕ್ಕೆ ಆ ತಾಯಿಗೆ ಕಲಿಸಿಕೊಟ್ಟಿರುವ ಬೆಳಗಿನ ಕೆಲಸವೊಂದಿದೆ. ಬಾಯಿಗೆ ಕೈ ಅಡ್ಡ ಹಿಡಿದು, ಮಗನ ಬೆನ್ನ ಹಿಂದೆ ನಿಂತು ಆರು ಸದ್ದು ಹೇಳುವುದು: ಆ, ಈ, ಊ, ಮ್, ಶ್, ಸ್. ಡೇನಿಯಲ್ ಲಿಂಗ್ ಎಂಬ ಶಿಕ್ಷಣ ತಜ್ಞ ರೂಪಿಸಿದ್ದು. ಮಾತಿನಲ್ಲಿ ಬರುವ ತಗ್ಗಿನ ಸದ್ದಿನಿಂದ ಎತ್ತರದ ಸದ್ದಿನವರೆಗೆ ಈ ಆರು ಹರಡಿಕೊಂಡಿವೆ. ಮಗ ಒಂದೊಂದು ಸದ್ದಿಗೂ ಒಂದೊಂದು ಅಡಿಕೆಯನ್ನು ತಟ್ಟೆಗೆ ಹಾಕಬೇಕು. ಅವತ್ತು ಬೆಂಚಿನ ಮೇಲೆಯೇ ಮಾಡಿ ತೋರಿಸಿದರು. ಐದು ಅಡಿಕೆ ಬಿತ್ತು. ‘ಸ್’ಗೆ ಕೈ ಏಳಲಿಲ್ಲ. ತಾಯಿ ಕೊಳವೆ ಕಳಚಿ, ಊದಿ, ಸೀರೆಯ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದರು; ಆರನೆಯದೂ ಬಿತ್ತು. ಓದಿನ ಆ್ಯಪ್‌ಗಳ ಬಗ್ಗೆ ಬರೆಯುವ ಯಾರೂ ಈ ಎರಡು ನಿಮಿಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಮಟ್ಟಿಗೆ ಫೋನು ತೆರೆಯುವ ಮೊದಲು ಆಗಬೇಕಾದದ್ದು ಇದೇ.

ಆಮೇಲೆ ಫೋನು ಹೊರಬಂತು. ಅದರಲ್ಲಿ ಕನ್ನಡ ಅಕ್ಷರ ಕಲಿಸುವ ಮೂರ್ನಾಲ್ಕು ಉಚಿತ ಆ್ಯಪ್‌ಗಳು. ಒಂದನ್ನು ತೆರೆದರೆ ಹಿನ್ನೆಲೆಯಲ್ಲಿ ಕೀಬೋರ್ಡಿನ ಸಂಗೀತ, ಅದರ ಮೇಲೆ ‘ಅ ಅಗಸ, ಆ ಆನೆ’ ಎನ್ನುವ ಚುರುಕು ದನಿ, ಉತ್ತರ ಸರಿಯಾದರೆ ಚಪ್ಪಾಳೆ. ಸರಿಯಾಗಿ ಕೇಳುವ ಮಗುವಿಗೆ ಇದು ಹಬ್ಬ. ಮಿಷನ್ ಹಾಕಿದ ಮಗುವಿಗೆ ಹಾಗಲ್ಲ: ಮಿಷನ್ನು ಮಾತನ್ನೂ ಸಂಗೀತವನ್ನೂ ಒಟ್ಟೊಟ್ಟಿಗೆ ದೊಡ್ಡದು ಮಾಡುತ್ತದೆ, ಎರಡನ್ನೂ ಬೇರ್ಪಡಿಸುವ ಶಕ್ತಿ ಹಾನಿಯಾದ ಒಳಗಿವಿಗೆ ಕಡಿಮೆ. ಹಾಗಾಗಿ ನಾನು ಯಾವ ಆ್ಯಪ್ ನೋಡಿದರೂ ಎರಡು ಪರೀಕ್ಷೆ ಮಾಡಿದೆ. ಒಂದು, ಮಾತು ಬರುವಾಗ ಹಿನ್ನೆಲೆ ಸಂಗೀತ ಪೂರ್ತಿ ನಿಲ್ಲಿಸಲು ಬರುತ್ತದೆಯೇ? ಎರಡು, ಫೋನಿನ ಸದ್ದನ್ನು ಪೂರ್ತಿ ಬಂದ್ ಮಾಡಿದರೆ ಪರದೆಯ ಮೇಲೆ ಕಲಿಯಲು ಏನಾದರೂ ಉಳಿಯುತ್ತದೆಯೇ? ಎರಡನೆಯ ಪರೀಕ್ಷೆಯಲ್ಲಿ ಹೆಚ್ಚಿನವು ನಿಲ್ಲಲಿಲ್ಲ. ಸದ್ದು ಹೋದರೆ ಅಕ್ಷರ ಬರೀ ಆಕಾರವಾಗಿ ಉಳಿಯಿತು, ಅರ್ಥಕ್ಕೆ ದಾರಿ ಇರಲಿಲ್ಲ.

ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡು ತಿದ್ದುವ ಆ್ಯಪ್‌ಗಳೂ ಇವೆ. ಗೂಗಲ್ 2019ರಲ್ಲಿ ‘ಬೋಲೋ’ ಎಂದು ಭಾರತದಲ್ಲಿ ಹೊರತಂದು, ಮರುವರ್ಷ ‘ರೀಡ್ ಅಲಾಂಗ್’ ಎಂದು ಹೆಸರು ಬದಲಿಸಿದ್ದು ಈ ಬಗೆಯದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುವಂತೆ ಮಾಡಿದ್ದು ನಮ್ಮಂಥ ಊರಿಗೆ ದೊಡ್ಡ ಅನುಕೂಲ. ಆದರೆ ಇಂಥ ತಂತ್ರಜ್ಞಾನ ಕಲಿತಿರುವುದು ಸರಿಯಾಗಿ ಕೇಳುವವರ ಮಾತಿನಿಂದ. ಶ್ರವಣದೋಷವಿರುವ ಮಗುವಿನ ಉಚ್ಚಾರ ಬೇರೆಯಾಗಿರುತ್ತದೆ. ಮಗು ಪದವನ್ನು ಗುರುತಿಸಿ, ಅರ್ಥ ತಿಳಿದು ಓದಿದರೂ ಯಂತ್ರ ‘ಇನ್ನೊಮ್ಮೆ’ ಎನ್ನಬಹುದು. ಓದುವುದೂ ಉಚ್ಚರಿಸುವುದೂ ಒಂದೇ ಎಂದು ತಿಳಿದ ಯಂತ್ರದ ಮುಂದೆ ಈ ಮಕ್ಕಳನ್ನು ಒಂಟಿಯಾಗಿ ಕೂರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದಲ್ಲಿ ದೊಡ್ಡವರು ಕೂತು ‘ನೀನು ಓದಿದ್ದು ಸರಿ’ ಎಂದು ತಲೆಯಾಡಿಸಲೇಬೇಕು.

ಹಾಗೆಂದು ಅಕ್ಷರ ಇವರಿಗೆ ದೂರದ ವಿಷಯ ಎಂದಲ್ಲ. ಅಕ್ಷರವೇ ಇವರಿಗೆ ಮಾತಿಗಿಂತ ಪ್ರಾಮಾಣಿಕ ಗೆಳೆಯ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಪಾಪ’, ‘ಬಾಬಾ’, ‘ಮಾಮ’ ಎಂದು ತುಟಿಯಾಡಿಸಿ ನೋಡಿ, ಮೂರೂ ಒಂದೇ. ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಈ ಮೂರರ ನಡುವೆ ವ್ಯತ್ಯಾಸವೇ ಇಲ್ಲ. ಬರೆದು ತೋರಿಸಿದ ಕ್ಷಣ ಮೂರೂ ಬೇರೆ ಬೇರೆ. ಕ, ಗ, ಖ, ಘ ನಾಲ್ಕೂ ಗಂಟಲ ಹತ್ತಿರ ಹುಟ್ಟುವ ಸದ್ದುಗಳು, ತುಟಿಯ ಮೇಲೆ ಕಾಣುವುದೇ ಇಲ್ಲ. ಪುಟದ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ಮಾತು ಬರಲಿ, ಆಮೇಲೆ ಅಕ್ಷರ ಎಂದು ಕಾಯುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಎರಡೂ ಒಟ್ಟಿಗೆ ಬರಲಿ.

ಶಾಲೆಗೂ ಆ್ಯಪ್‌ಗೂ ಹೊಂದಾಣಿಕೆ ಇಲ್ಲದಿರುವುದು ಇನ್ನೊಂದು ತೊಡಕು. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಬರೆಯಲು ಸುಲಭವಾದ ಆಕಾರಗಳಿಂದ ಆರಂಭಿಸಿ, ಕಲಿತ ಅಕ್ಷರಗಳಲ್ಲೇ ಪದ ಕಟ್ಟಿಸುವ ಜಾಣ ಕ್ರಮ ಅದು. ಫೋನಿನಲ್ಲಿರುವುದು ಅ, ಆ, ಇ, ಈ. ಬೆಳಿಗ್ಗೆ ಒಂದು ದಾರಿ, ಸಂಜೆ ಇನ್ನೊಂದು. ಅದೂ ಅಲ್ಲದೆ ವರ್ಣಮಾಲೆಯ 49 ಅಕ್ಷರ ಮುಗಿದರೆ ಎಷ್ಟೋ ಆ್ಯಪ್‌ಗಳು ಮುಗಿದೇಹೋಗುತ್ತವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಕನ್ನಡ ಕಲಿಯುವ ಮಕ್ಕಳ ಮೇಲೆ ಅಧ್ಯಯನ ನಡೆಸಿ 2007ರಲ್ಲಿ ಪ್ರಕಟಿಸಿದ ಸೊನಾಲಿ ನಾಗ್, ಈ ರೂಪಗಳು ಕೈವಶವಾಗಲು ಮಕ್ಕಳಿಗೆ ಮೂರು-ನಾಲ್ಕನೇ ತರಗತಿಯವರೆಗೂ ಸಮಯ ಬೇಕಾಗುತ್ತದೆ ಎಂದು ತೋರಿಸಿದ್ದಾರೆ. ಅದು ಸರಿಯಾಗಿ ಕೇಳುವ ಮಕ್ಕಳ ಕಥೆ.

ಸಾಗರದಿಂದ ಪಶ್ಚಿಮಕ್ಕೆ ಹೋದರೆ ಶರಾವತಿ ಹಿನ್ನೀರು. ಅದರ ಆಚೆ ದಡದ ಕಳಸವಳ್ಳಿಗೆ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗಿ, ಲಾಂಚಿಗೆ ಕಾಯುವ ಕಷ್ಟ ತಪ್ಪಿತು. ಮೊಬೈಲ್ ಸಿಗ್ನಲ್ಲಿನ ಕಷ್ಟ ಹಾಗೆ ಒಮ್ಮೆಲೇ ತಪ್ಪುವಂಥದ್ದಲ್ಲ. ಗುಡ್ಡದ ಆ ಮಗ್ಗುಲಲ್ಲಿ ಎರಡು ಕಡ್ಡಿ, ಈ ಮಗ್ಗುಲಲ್ಲಿ ಏನೂ ಇಲ್ಲ. ಮಳೆ ಜೋರಾದರೆ ಕರೆಂಟು ಹೋಗಿ ಟವರೂ ಸತ್ತುಹೋಗುತ್ತದೆ. ಇಂಟರ್ನೆಟ್ ಇಲ್ಲದೆ ನಡೆಯದ ಯಾವುದೇ ಕಲಿಕೆಯ ಸಾಧನ ಈ ಭಾಗಕ್ಕೆ ಬೇಸಿಗೆಯ ಅತಿಥಿ.

ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಬಂದೆ. ಪ್ರತಿ ತಾಲ್ಲೂಕಿನಲ್ಲಿ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ, ಜನ ಹೇಳುವಂತೆ ಬಿಆರ್‌ಸಿ, ಇರುತ್ತದೆ. ಅಂಗವಿಕಲ ಮಕ್ಕಳಿಗೆಂದೇ ನೇಮಕವಾದ ಶಿಕ್ಷಕರಿಗೆ ಅಲ್ಲಿ ಬಿಐಇಆರ್‌ಟಿ ಎಂಬ ಉದ್ದದ ಹೆಸರು. ಅವರು ಶಾಲೆಗಳಿಗೆ ಹೋಗುತ್ತಾರೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಗೃಹಾಧಾರಿತ ಶಿಕ್ಷಣ ಎಂದು ಅದಕ್ಕೆ ಹೆಸರು. ಅಂಧತ್ವ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಶ್ರವಣದೋಷ ಎಲ್ಲವೂ ಅವರದೇ ಪಾಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ ವೈಕಲ್ಯಗಳೇ 21. ಬೈಕಿನ ಹಿಂದೆ ಪ್ಲಾಸ್ಟಿಕ್ ಹೊದಿಸಿದ ಚೀಲ ಕಟ್ಟಿಕೊಂಡು ಘಟ್ಟದಂಚಿನ ಊರುಗಳಿಗೆ ಹೋಗಿಬರುವ ಈ ಮೇಷ್ಟ್ರುಗಳ ಕೆಲಸದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ತೀರ ಕಡಿಮೆ.

ಅಂಥ ಒಬ್ಬರ ಜೊತೆ ಒಂದು ಮನೆಗೆ ಹೋದೆ. ಮೂರನೇ ತರಗತಿಯ ಹುಡುಗಿ. ಎರಡೂ ಕಿವಿಗೆ ಮಿಷನ್ ಇದೆ, ಹಾಕಿದ್ದು ನಾಲ್ಕು ತುಂಬಿದ ಮೇಲೆ. ಅವಳ ಕನ್ನಡ ನೋಟುಬುಕ್ಕು ತೆಗೆದರು. ಅಚ್ಚುಹಾಕಿದಂಥ ಬರಹ; ಒತ್ತು, ದೀರ್ಘ, ಅರ್ಕಾವತ್ತು ಒಂದೂ ತಪ್ಪಿಲ್ಲ. ಶಾಲೆಯ ಟೀಚರು ಪ್ರತಿ ಪುಟದಲ್ಲೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದಾರೆ. ಮೇಷ್ಟ್ರು ಒಂದು ಹಾಳೆಯಲ್ಲಿ ‘ಬೆಕ್ಕು ಮೇಜಿನ ಕೆಳಗೆ ಇದೆ’ ಎಂದು ಬರೆದು, ಕೈಸನ್ನೆಯೊಡನೆ ‘ಪುಟ್ಟಿ, ಇದರ ಚಿತ್ರ ಬರಿ’ ಎಂದರು. ಅವಳು ಒಂದು ಚೆಂದದ ಬೆಕ್ಕು ಬರೆದಳು, ಒಂದು ಮೇಜು ಬರೆದಳು. ಬೆಕ್ಕು ಮೇಜಿನ ಮೇಲೆ ಕೂತಿತ್ತು.

‘ಬೆಕ್ಕು, ಮೇಜು ಎರಡೂ ಗೊತ್ತು. ನಡುವಿಂದು ಗೊತ್ತಿಲ್ಲ’ ಎಂದರು ಮೇಷ್ಟ್ರು, ನನಗೆ.

ಕನ್ನಡದಲ್ಲಿ ಅರ್ಥದ ಅರ್ಧ ಭಾರ ಪದದ ಬಾಲದಲ್ಲಿದೆ. ಮನೆಗೆ, ಮನೇಲಿ, ಮನೆಯಿಂದ; ಬಂದ, ಬಂದಳು, ಬಂದರು, ಬರಲಿಲ್ಲ. ಮಾತಾಡುವಾಗ ನಾವು ಪದದ ಮೊದಲನ್ನು ಒತ್ತಿ ಹೇಳಿ ಕೊನೆಯನ್ನು ಜಾರಿಸಿಬಿಡುತ್ತೇವೆ. ಮಂದಕಿವಿಗೆ ಮೊದಲು ಬಿದ್ದುಹೋಗುವುದು ಆ ಕೊನೆಯೇ. ಹಾಗಾಗಿ ಈ ಮಕ್ಕಳಿಗೆ ಹೆಸರುಗಳು ಸಿಗುತ್ತವೆ, ಹೆಸರುಗಳನ್ನು ಕಟ್ಟುವ ವಿಭಕ್ತಿ ಸಿಗುವುದಿಲ್ಲ. ಸಂಶೋಧಕರಾದ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ಬಿಡಿಸಿಟ್ಟರು: ಅಕ್ಷರ ಒಡೆಯುವ ಶಕ್ತಿಯನ್ನು ಭಾಷೆಯ ತಿಳಿವಳಿಕೆಯಿಂದ ಗುಣಿಸಿದರೆ ಓದು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಅಕ್ಷರದ ಆ್ಯಪ್‌ಗಳೆಲ್ಲ ಮೊದಲ ಅಂಕಿಯನ್ನಷ್ಟೇ ಬೆಳೆಸುತ್ತವೆ. ಈ ಹುಡುಗಿಗೆ ಅದು ಆಗಲೇ ತುಂಬಿ ಬಂದಿದೆ.

ಇನ್ನೊಂದು ಪದರವೂ ಇದೆ. ಈ ಸೀಮೆಯ ಎಷ್ಟೋ ಮನೆಗಳ ಮಾತು ಪುಸ್ತಕದ ಕನ್ನಡವಲ್ಲ. ಹವ್ಯಕರ ಮನೆಯಲ್ಲಿ ‘ಆನು ಬತ್ತಿ’ ಎಂದರೆ ಪಠ್ಯದಲ್ಲಿ ‘ನಾನು ಬರುತ್ತೇನೆ’. ದೀವರ ಮನೆಯ ಕನ್ನಡಕ್ಕೆ ತನ್ನದೇ ಬನಿ. ಕೊಂಕಣಿ, ಉರ್ದು ಮನೆಗಳೂ ಉಂಟು. ಕಿವಿ ಸರಿಯಿರುವ ಮಗು ಅಂಗಡಿ, ಟಿ.ವಿ., ಯಕ್ಷಗಾನ, ಅಂಗನವಾಡಿ ಎಲ್ಲದರಿಂದ ಎರಡನೆಯ ಕನ್ನಡವನ್ನು ತಾನಾಗಿ ಹೀರಿಕೊಂಡು ಶಾಲೆಗೆ ಬರುತ್ತದೆ. ಮಿಷನ್ ಹಾಕಿದ ಮಗು ಅದನ್ನು ಪುಸ್ತಕದಲ್ಲಿ ಮೊಟ್ಟಮೊದಲ ಬಾರಿಗೆ ಭೇಟಿಯಾಗುತ್ತದೆ.

ಆ ಮನೆಯಲ್ಲಿ ಮುಂದೆ ನಡೆದದ್ದನ್ನು ನೋಡಿಯೇ ನನಗೆ ಫೋನಿನ ಮೇಲೆ ನಂಬಿಕೆ ಬಂದದ್ದು. ತಾಯಿ ತಮ್ಮ ಫೋನು ತೆಗೆದು, ಯಾವ ಆ್ಯಪನ್ನೂ ತೆರೆಯದೆ, ಗ್ಯಾಲರಿ ತೆರೆದರು. ಅಲ್ಲಿ ಅವರ ಮನೆಯದೇ ಬೆಕ್ಕು. ಅಟ್ಟದ ಮೇಲೆ ಬೆಕ್ಕು. ಅಡಿಕೆ ಗೋಣಿಯ ಹಿಂದೆ ಬೆಕ್ಕು. ಕಡಿಮಾಡಿನಲ್ಲಿ ಬೆಕ್ಕು. ಅಜ್ಜಿಯ ಮಡಿಲಲ್ಲಿ ಬೆಕ್ಕು. ಫೋಟೋ ತಿದ್ದುವ ಜಾಗಕ್ಕೆ ಹೋಗಿ ಒಂದೊಂದು ಚಿತ್ರದ ಮೇಲೂ ಕನ್ನಡದಲ್ಲಿ ಒಂದೊಂದು ವಾಕ್ಯ ಬರೆದಿದ್ದರು. ಬದಲಾಗುವ ಆ ಒಂದು ತುಣುಕಿಗೆ ಮಾತ್ರ ಕೆಂಪು ಬಣ್ಣ. ಜೊತೆಗೆ ಹತ್ತು ಸೆಕೆಂಡಿನ ವಿಡಿಯೋಗಳು: ತಾಯಿ ಬೆಳಕಿಗೆ ಮುಖಮಾಡಿ ಕೂತು, ಕ್ಯಾಮೆರಾವನ್ನು ಹತ್ತಿರವಿಟ್ಟುಕೊಂಡು, ಅದೇ ವಾಕ್ಯವನ್ನು ನಿಧಾನವಾಗಿ ಹೇಳಿ, ಕೈಯಲ್ಲಿ ತೋರಿಸುತ್ತಾರೆ. ಹುಡುಗಿ ಅದನ್ನು ಎಷ್ಟು ಬಾರಿ ಬೇಕಾದರೂ ಹಿಂದಕ್ಕೆ ಎಳೆದು ನೋಡಬಹುದು. ತಾಯಿ ಕೊಟ್ಟಿಗೆಯಲ್ಲಿದ್ದಾಗಲೂ ತಾಯಿಯ ಮುಖವೇ ಅವಳಿಗೆ ಹೇಳಿಕೊಡುತ್ತದೆ.

ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟೇ: ವಾರಕ್ಕೆ ಒಂದು ಬಾಲ. ಈ ವಾರ ‘ಕೆಳಗೆ’. ತಾಯಿ ಅಲ್ಲೇ ಎದ್ದು ಬೆಕ್ಕನ್ನು ಹುಡುಕಿ ತಂದು ಬೆಂಚಿನ ಕೆಳಗೆ ಬಿಟ್ಟರು. ಅದು ನಿಲ್ಲಲಿಲ್ಲ. ಹುಡುಗಿ ನಗುತ್ತಾ ತಾನೇ ಬೆಂಚಿನ ಕೆಳಗೆ ತೂರಿ ಕೂತಳು, ಅಣ್ಣ ಫೋಟೋ ಹೊಡೆದ. ತಾಯಿ ‘ಪುಟ್ಟಿ ಬೆಂಚಿನ ಕೆಳಗೆ ಇದ್ದಾಳೆ’ ಎಂದು ಬರೆದು, ‘ಕೆಳಗೆ’ಯನ್ನು ಕೆಂಪು ಮಾಡಿ, ಅವಳ ಕೈಗೆ ಕೊಟ್ಟರು. ಅವಳು ಹಿಂದಿನ ಚಿತ್ರಕ್ಕೆ ಹೋದಳು, ‘ಅಟ್ಟದ ಮೇಲೆ’. ಮುಂದಿನದಕ್ಕೆ ಬಂದಳು, ‘ಬೆಂಚಿನ ಕೆಳಗೆ’. ಎರಡು ಮೂರು ಸಲ ಹೀಗೆ ಹೋಗಿಬಂದು, ಯಾರೂ ಹೇಳದೆಯೇ, ತನ್ನ ಹಾಳೆ ಎಳೆದುಕೊಂಡು ಮೇಜಿನ ಮೇಲಿದ್ದ ಬೆಕ್ಕನ್ನು ರಬ್ಬರಿನಿಂದ ಅಳಿಸಿದಳು.

ಕಿವುಡು ಮಕ್ಕಳ ಶಿಕ್ಷಣದಲ್ಲಿ ಅನುಭವದ ಪುಸ್ತಕ ಎಂಬ ಪದ್ಧತಿ ಬಹಳ ಹಿಂದಿನಿಂದ ಇದೆ. ಮಗು ಕಂಡದ್ದು, ಮಾಡಿದ್ದನ್ನೇ ಚಿತ್ರವಾಗಿ ಅಂಟಿಸಿ ಕೆಳಗೆ ವಾಕ್ಯ ಬರೆಯುವುದು. ಹಿಂದೆ ಅಂಟು, ಕತ್ತರಿ, ಹಳೆಯ ಕ್ಯಾಲೆಂಡರು ಬೇಕಿತ್ತು. ಈಗ ಕ್ಯಾಮೆರಾ, ಕನ್ನಡ ಕೀಬೋರ್ಡು, ತಾಯಿಯ ದನಿ ಎಲ್ಲವೂ ಒಂದೇ ಕೈಯಲ್ಲಿವೆ, ನೆಟ್‌ವರ್ಕಿನ ಹಂಗಿಲ್ಲ. ಕೋಟಿಗಟ್ಟಲೆ ಖರ್ಚುಮಾಡಿ ತಯಾರಿಸಿದ ಆ್ಯಪ್‌ಗೆ ಈ ಮನೆಯ ಅಟ್ಟ ಗೊತ್ತಿಲ್ಲ, ಕಡಿಮಾಡು ಗೊತ್ತಿಲ್ಲ. ಈ ಮೂರು ತಾಲ್ಲೂಕಿನಲ್ಲಿ ನಾನು ನೋಡಿದ ಅತ್ಯುತ್ತಮ ಆ್ಯಪ್ ಈ ಗ್ಯಾಲರಿಯೇ. ಅಭಿಮಾನದಿಂದ ಹೇಳುತ್ತೇನೆ, ಅದನ್ನು ತಯಾರಿಸಿದವರು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಒಬ್ಬ ತಾಯಿ.

ಮನೆಯ ಚಿತ್ರಗಳು ಮುಗಿದಾಗ ಕಥೆ ಬೇಕಾಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಪುಸ್ತಕಗಳು ಹಂತವಾರು ಸಿಗುತ್ತವೆ. ಮೊದಲ ಹಂತದಲ್ಲಿ ಪುಟಕ್ಕೊಂದು ಸಣ್ಣ ವಾಕ್ಯ. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಪರವಾನಗಿ ಮುಕ್ತವಾಗಿರುವುದರಿಂದ ವಾಕ್ಯಗಳನ್ನು ನಮ್ಮ ಮಗುವಿಗೆ ತಕ್ಕಂತೆ ಬದಲಿಸಿಯೂ ಬಳಸಬಹುದು. ಸದ್ದು ಬಂದ್ ಮಾಡುವ ನನ್ನ ಪರೀಕ್ಷೆಯಲ್ಲಿ ಇದು ಸಲೀಸಾಗಿ ಪಾಸಾಯಿತು. ಬಿಆರ್‌ಸಿಯ ಕಂಪ್ಯೂಟರಿನಲ್ಲಿ ಇಳಿಸಿ, ಮೆಮೊರಿ ಕಾರ್ಡಿಗೆ ತುಂಬಿ ಮನೆಮನೆಗೆ ಕೊಟ್ಟುಬರಲು ಯಾವ ಅಡ್ಡಿಯೂ ಇಲ್ಲ.

ರಿಪ್ಪನ್‌ಪೇಟೆ, ಕೋಣಂದೂರು ದಾಟಿ ತೀರ್ಥಹಳ್ಳಿಯ ದಾರಿಯಲ್ಲಿ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಮಿಷನ್ನಿನಿಂದಲೂ ಪ್ರಯೋಜನವಾಗದ ಮಕ್ಕಳ ಮಾತು. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ, ಒಳಗಿವಿಗೆ ಸಾಧನ ಕೂರಿಸುವ ಕಾಕ್ಲಿಯರ್ ಆಪರೇಷನ್ನಿಗೆ ನೆರವು ಸಿಗುತ್ತದೆ, ಆದರೆ ಹುಟ್ಟುಕಿವುಡಿರುವ ಮಗುವಿಗೆ ಐದು ವರ್ಷದೊಳಗೆ ಆಗಬೇಕು. ತಡವಾದವರ ಗತಿ? ಅವರಿಗೆ ಸನ್ನೆ ಭಾಷೆ ಬೇಕು, ಅದೂ ಮನೆಯಲ್ಲಿ ಹುಟ್ಟಿಕೊಂಡ ಹತ್ತಿಪ್ಪತ್ತು ಸನ್ನೆಗಳಲ್ಲ, ಪೂರ್ಣ ವ್ಯಾಕರಣವಿರುವ ಭಾರತೀಯ ಸನ್ನೆ ಭಾಷೆ. ನಮ್ಮ ರಾಜ್ಯದಲ್ಲಿ ಬಹುಕಾಲ ‘ಕೈಯಾಡಿಸಿದರೆ ಬಾಯಿ ಬರುವುದಿಲ್ಲ’ ಎಂಬ ಭಯ ಬೇರೂರಿತ್ತು. ಆ ಭಯಕ್ಕೆ ಬಲಿಯಾದವರು ಎರಡೂ ಭಾಷೆ ಸಿಗದೆ ಬೆಳೆದವರು. ಮಗುವಿಗೆ ಯಾವ ದಾರಿಯಲ್ಲಾದರೂ ಸರಿ, ಐದು ವರ್ಷದೊಳಗೆ ಒಂದು ಭಾಷೆ ಸಿಗಲೇಬೇಕು. ಓದು ಅದರ ಮೇಲೆಯೇ ನಿಲ್ಲಬೇಕು.

ದೆಹಲಿಯಲ್ಲಿರುವ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ವಿಡಿಯೋ ನಿಘಂಟು ಹೊರತಂದಿತು. 2021ಕ್ಕೆ ಅದು 10,000 ಮುಟ್ಟಿತು. ಮರುವರ್ಷ ‘ಸೈನ್ ಲರ್ನ್’ ಆ್ಯಪ್ ಬಂತು. ಬಿಡುಗಡೆಯಾದಾಗ ಅದರಲ್ಲಿ ಪದ ಹುಡುಕಬೇಕಿದ್ದದ್ದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ತೀರ್ಥಹಳ್ಳಿ ಕಡೆಯ ಹಳ್ಳಿಯ ತಾಯಿಯೊಬ್ಬರು ‘ಗದ್ದೆ’ಯ ಸನ್ನೆ ಕಲಿಯಲು ಮೊದಲು ‘ಗದ್ದೆ’ಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಯಾರನ್ನಾದರೂ ಕೇಳಬೇಕಿತ್ತು. 2024ರ ಡಿಸೆಂಬರಿನಲ್ಲಿ ಪಿಎಂ ಇ-ವಿದ್ಯಾದ 31ನೇ ವಾಹಿನಿ ಸನ್ನೆ ಭಾಷೆಗೆಂದೇ ಶುರುವಾಗಿದ್ದು ಸಂತೋಷದ ಸುದ್ದಿ. ಕನ್ನಡ ಪಠ್ಯದ ವಾಕ್ಯ, ಅದರ ಪಕ್ಕದಲ್ಲೇ ಸನ್ನೆಯ ವಿಡಿಯೋ, ಒತ್ತಿದ ಪದಕ್ಕೆ ಅದರದೇ ಸನ್ನೆ: ನಮಗೆ ಬೇಕಾದದ್ದು ಇದು. ಅಮೆರಿಕದ ಗ್ಯಾಲಡೆಟ್ ವಿಶ್ವವಿದ್ಯಾಲಯದವರು ಇಂಥ ಕಥಾ ಆ್ಯಪ್‌ಗಳನ್ನು 2013ರಿಂದಲೇ ಮಾಡುತ್ತಾ ಬಂದಿದ್ದಾರೆ. ಆಮೇಲೆ ಬೇರೆ ಬೇರೆ ದೇಶದವರು ತಮ್ಮ ಸನ್ನೆ ಭಾಷೆ, ತಮ್ಮ ಲಿಪಿಯಲ್ಲಿ ಕಥೆ ಸೇರಿಸಬಹುದಾದ ‘ವರ್ಲ್ಡ್ ಅರೌಂಡ್ ಯೂ’ ಎಂಬ ಮುಕ್ತ ವೇದಿಕೆಯನ್ನೂ ಕಟ್ಟಿದರು. ಕಿವುಡರೇ ಮುಂದೆ ನಿಂತು ಮಾಡಿದ ಕೆಲಸ ಅದು. ನಮ್ಮ ಜಾನಪದ ಕಥೆಗಳಿಗೆ, ಸನ್ನೆ ಬಲ್ಲ ಕನ್ನಡ ಯುವಕರಿಗೆ ಕೊರತೆಯಿಲ್ಲ. ಯಾರಾದರೂ ಕೈಹಾಕಬೇಕು.

ತೀರ್ಥಹಳ್ಳಿಯಲ್ಲಿ ನಾನು ಭೇಟಿಯಾದವನು ದೊಡ್ಡ ಹುಡುಗ, ಪ್ರೌಢಶಾಲೆಯವನು. ಒಂದು ಕಿವಿ ಪೂರ್ತಿ ಇಲ್ಲ, ಇನ್ನೊಂದಕ್ಕೆ ಮಿಷನ್. ಮನೆಯಲ್ಲಿ ಅಣ್ಣನ ಫೋನಿನಲ್ಲಿ ಅವನು ಲೈವ್ ಟ್ರಾನ್ಸ್‌ಕ್ರೈಬ್ ಬಳಸುತ್ತಾನೆ. ಎದುರಿಗಿದ್ದವರು ಮಾತಾಡಿದ್ದು ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ, ಕನ್ನಡದಲ್ಲೂ. 2019ರಲ್ಲಿ ಇದನ್ನು ಹೊರತಂದವರ ಪೈಕಿ ಗೂಗಲ್‌ನ ವಿಜ್ಞಾನಿ ದಿಮಿತ್ರಿ ಕನೆವ್ಸ್ಕಿ ಇದ್ದಾರೆ. ಎಳವೆಯಿಂದಲೇ ಕಿವಿ ಕೇಳದ ಅವರು ತಮಗೇ ಬೇಕಾದದ್ದನ್ನು ಮಾಡಿಕೊಂಡರು, ಅದು ಲೋಕಕ್ಕೂ ಸಿಕ್ಕಿತು.

ಹುಡುಗನ ಫೋನನ್ನು ನಡುವೆ ಇಟ್ಟುಕೊಂಡು ಮಾತಾಡಿದೆವು. ನಾನು ಪುಸ್ತಕದ ಕನ್ನಡದಲ್ಲಿ, ಒಂದೊಂದೇ ವಾಕ್ಯ ಹೇಳಿದರೆ ಬಹುಪಾಲು ಸರಿಯಾಗಿ ಬಂತು. ಅವನ ಅಜ್ಜಿ ಬಾಗಿಲಲ್ಲಿ ನಿಂತು ‘ಎಂತ ಮಾರಾಯಾ, ಕಾಪಿ ಕುಡಿಯೂದಿಲ್ವನಾ?’ ಎಂದಾಗ ಪರದೆಯ ಮೇಲೆ ಮೂಡಿದ್ದಕ್ಕೂ ಅಜ್ಜಿಯ ಮಾತಿಗೂ ಸಂಬಂಧವಿರಲಿಲ್ಲ. ಹುಡುಗ ಪರದೆ ನೋಡಲಿಲ್ಲ, ಅಜ್ಜಿಯ ಕೈಯಲ್ಲಿದ್ದ ಲೋಟ ನೋಡಿ ಎದ್ದ. ಇಂಥ ಸಾಧನಗಳಿಗೆ ಮಲೆನಾಡಿನ ಮಾತು ಕಲಿಸಬೇಕಾದರೆ ಮಲೆನಾಡಿನ ದನಿಗಳೇ ಬೇಕು.

ಅವನಿಗೆ ಇದರಿಂದಾದ ದೊಡ್ಡ ಲಾಭ ಬೇರೆ. ಪಾಠ ಅರ್ಥವಾಗುವುದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ನಡೆಯುವ ಮಾತುಕತೆಯನ್ನು ಅವನು ಓದತೊಡಗಿದ. ಅಡಿಕೆ ರೇಟು, ಮಾವನ ಮನೆಯ ಜಗಳ, ಕ್ರಿಕೆಟ್ಟು. ದಿನಕ್ಕೆ ನೂರಾರು ಸಾಲು ಕನ್ನಡ, ಬೇಡದೆ ಬಂದದ್ದು. ಕಿವಿ ಇರುವ ಮಕ್ಕಳು ಹೀಗೆ ಅಕಸ್ಮಾತ್ತಾಗಿ ಕಿವಿಗೆ ಬಿದ್ದ ಮಾತಿನಿಂದಲೇ ಭಾಷೆ ಬೆಳೆಸಿಕೊಳ್ಳುವುದು. ತರಗತಿಯಲ್ಲಿ ಫೋನಿಗೆ ಅನುಮತಿ ಇಲ್ಲ ಎಂದ. ಕಿವಿಗೆ ಮಿಷನ್ ಹಾಕಲು ಬಿಡುವ ಶಾಲೆ, ಕಣ್ಣಿಗೆ ಹಾಕುವ ಈ ಮಿಷನ್ನನ್ನು ತಡೆಯಬಾರದು. ಮೊಬೈಲ್ ನಿಷೇಧದ ನಿಯಮ ಮಾಡುವವರು ಒಂದು ವಾಕ್ಯದ ವಿನಾಯಿತಿ ಸೇರಿಸಿದರೆ ಮುಗಿಯಿತು.

ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ ಸಮಯದ ಕಟ್ಟು ಬೇಕು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶ್ರವಣದೋಷವಿರುವ ಮಗುವಿಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ಪರದೆ ನೋಡುತ್ತಿರುವ ಕಣ್ಣಿಗೆ ತಾಯಿಯ ಮುಖ ಕಾಣುವುದಿಲ್ಲ.

ಈ ಭಾಗದಲ್ಲಿ ಇಂಥ ಮಗುವಿರುವ ಮನೆಯವರು ಮೊದಲು ಹೋಗಬೇಕಾದದ್ದು ಸಾಗರದ ಉಪವಿಭಾಗ ಆಸ್ಪತ್ರೆಯ ಕೇಂದ್ರಕ್ಕೆ. ದೂರವಾದರೆ ಆಶಾ ಕಾರ್ಯಕರ್ತೆಯನ್ನೋ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ಕೇಳಿದರೆ ದಾರಿ ತೋರಿಸುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿಕೊಂಡರೆ ಮಿಷನ್, ವಿದ್ಯಾರ್ಥಿವೇತನ, ಬಸ್ ಪಾಸಿನ ಕೆಲಸ ಸುಲಭ. ಶಾಲೆಯ ವಯಸ್ಸಾಗಿದ್ದರೆ ತಾಲ್ಲೂಕು ಕೇಂದ್ರದ ಬಿಆರ್‌ಸಿಗೆ ಹೋಗಿ ಬಿಐಇಆರ್‌ಟಿ ಯಾರೆಂದು ಹೆಸರು ಹಿಡಿದು ಕೇಳಿ, ಮಗುವಿನ ಹೆಸರು ಅವರ ಪಟ್ಟಿಯಲ್ಲಿದೆಯೇ ನೋಡಿ. ಆಸ್ಪತ್ರೆಗೆ ಹೋಗುವಾಗ ಮಿಷನ್, ಹಳೆಯ ಬ್ಯಾಟರಿ, ಕಿವಿಯ ಅಚ್ಚು ಇವುಗಳ ಜೊತೆ ಮಗು ಬಳಸುವ ಫೋನನ್ನೂ ಒಯ್ಯಿರಿ. ಅಚ್ಚು ಸಡಿಲವಾಗಿ ಕುಂಯ್‌ಗುಟ್ಟುತ್ತಿದ್ದರೆ ಹೊಸದು ಕೇಳಿ. ಬೆಳೆಯುವ ಕಿವಿಗೆ ಹಳೆಯ ಅಚ್ಚು ಬಹಳ ಕಾಲ ನಿಲ್ಲದು. ಫೋನಿನಲ್ಲಿ ಮಗು ಏನು ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ ಎಂಬುದನ್ನು ತೆರೆದು ತೋರಿಸಿ, ನಿಮ್ಮ ಮಗುವಿನ ಮಿಷನ್ನಿಗೆ ಫೋನಿನ ಸದ್ದನ್ನು ನೇರವಾಗಿ ಕಳಿಸಲು ಬರುತ್ತದೆಯೇ ಎಂದು ಕೇಳಿ. ಕೆಲವಕ್ಕೆ ಬರುತ್ತದೆ. ಗದ್ದಲದ ಮನೆಯಲ್ಲಿ ತಾಯಿಯ ವಿಡಿಯೋ ಕೇಳಿಸಿಕೊಳ್ಳಲು ಅದು ಬಹಳ ಸಹಾಯ.